ಕೋವಿಡ್-19 ಲಾಕ್‌ಡೌನ್ ಅವಧಿಯಲ್ಲಿ ಭಾರತದ ಸಂಸ್ಕರಿತ ಆಹಾರ ಬಳಕೆ

ಕೋವಿಡ್-19 ಸಾಂಕ್ರಾಮಿಕದ ತಡೆಗಾಗಿ ಭಾರತದಲ್ಲಿ 2020ರ ಮಾರ್ಚ್ 25ರಿಂದ ಮೇ 31ರವರೆಗೆ ಜಾರಿಯಲ್ಲಿದ್ದ ರಾಷ್ಟ್ರವ್ಯಾಪಿ ಲಾಕ್‌ಡೌನ್, ದೇಶದ ಸಂಸ್ಕರಿತ ಹಾಗೂ ಪೊಟ್ಟಣದ ಆಹಾರಗಳ ಬಳಕೆಯ ಸ್ವರೂಪವನ್ನು ಬದಲಿಸಿತು. ಬಿಸ್ಕತ್ತು, ಇನ್‌ಸ್ಟಂಟ್ ನೂಡಲ್ಸ್, ಪೊಟ್ಟಣದ ಗೋಧಿ ಹಿಟ್ಟು, ಸಿದ್ಧ ಮಿಶ್ರಣಗಳು ಮತ್ತು ಚ್ಯವನಪ್ರಾಶದಂತಹ ಉತ್ಪನ್ನಗಳ ಮಾರಾಟ ಆ ತಿಂಗಳುಗಳಲ್ಲಿ ಗಣನೀಯವಾಗಿ ಏರಿತು. ಇದೇ ಅವಧಿಯಲ್ಲಿ ತಂಪು ಪಾನೀಯ, ಐಸ್‌ಕ್ರೀಂ ಮತ್ತು ಹೋಟೆಲುಗಳಿಗೆ ಪೂರೈಕೆಯಾಗುವ ಪದಾರ್ಥಗಳ ಮಾರಾಟ ಕುಸಿಯಿತು. ಲಾಕ್‌ಡೌನ್ ಕಾಲದಲ್ಲಿ ಜನರು ಸಂಸ್ಕರಿತ ಆಹಾರವನ್ನು ಹಿಂದೆಂದಿಗಿಂತ ಹೆಚ್ಚು ತಿಂದರು ಎಂಬ ಅಭಿಪ್ರಾಯ ವ್ಯಾಪಕವಾಗಿದ್ದರೂ, ಲಭ್ಯ ಅಂಕಿಅಂಶಗಳು ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಬದಲಾದದ್ದು ಒಟ್ಟು ಪ್ರಮಾಣಕ್ಕಿಂತ ಹೆಚ್ಚಾಗಿ, ಅಂತಹ ಆಹಾರವನ್ನು ಯಾರು, ಎಲ್ಲಿ ಮತ್ತು ಯಾವ ಕಾರಣಕ್ಕಾಗಿ ತಿಂದರು ಎಂಬುದು.

ಸಂಸ್ಕರಿತ ಆಹಾರ: ಪದದ ವ್ಯಾಪ್ತಿ

ಸಂಸ್ಕರಿತ ಆಹಾರ ಎಂಬ ಪದವು ಬಹಳ ವಿಶಾಲವಾದದ್ದು. ಪಾಶ್ಚೀಕರಿಸಿದ ಹಾಲು, ಗಿರಣಿಯಲ್ಲಿ ಬೀಸಿದ ಹಿಟ್ಟು, ಉಪ್ಪಿನಕಾಯಿ, ಹಪ್ಪಳ ಇವೆಲ್ಲವೂ ಒಂದಲ್ಲ ಒಂದು ಬಗೆಯ ಸಂಸ್ಕರಣೆಗೆ ಒಳಗಾದವೇ. ಪೌಷ್ಟಿಕಾಂಶ ಸಂಶೋಧನೆಯಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೊಸ್ ಮೊಂಟೆರೊ ಮತ್ತು ಸಂಗಡಿಗರು ರೂಪಿಸಿದ ನೋವಾ ವರ್ಗೀಕರಣ. ಇದು ಆಹಾರವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತದೆ: ಸಂಸ್ಕರಿಸದ ಅಥವಾ ಅಲ್ಪ ಸಂಸ್ಕರಿತ ಆಹಾರ, ಎಣ್ಣೆ, ಸಕ್ಕರೆ, ಉಪ್ಪಿನಂತಹ ಅಡುಗೆಯ ಪೂರಕಗಳು, ಇವೆರಡನ್ನೂ ಸೇರಿಸಿ ತಯಾರಿಸಿದ ಸಂಸ್ಕರಿತ ಆಹಾರ, ಕೊನೆಯದಾಗಿ, ಕಾರ್ಖಾನೆಯಲ್ಲಿ ಬೇರ್ಪಡಿಸಿದ ಘಟಕಗಳಿಗೆ ಬಣ್ಣ, ಪರಿಮಳ, ಎಮಲ್ಸಿಫೈಯರ್ ಮುಂತಾದವನ್ನು ಸೇರಿಸಿ ತಯಾರಿಸುವ ಅತಿಸಂಸ್ಕರಿತ ಆಹಾರ. ಆರೋಗ್ಯದ ದೃಷ್ಟಿಯಿಂದ ಕಳವಳಕ್ಕೆ ಕಾರಣವಾಗಿರುವುದು ಈ ನಾಲ್ಕನೆಯ ಗುಂಪು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಮಂದಿ ವಯಸ್ಕರಿಗೆ ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಂಸ್ಕರಿಸದ ಆಹಾರವನ್ನೂ ಬೇಕಾದಷ್ಟು ತಿನ್ನಲು ಕೊಡಲಾಯಿತು. ಮೊದಲನೆಯ ಬಗೆಯನ್ನು ತಿನ್ನುವಾಗ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ಸೇವಿಸಿದರು.

ಭಾರತದ ಮಾರುಕಟ್ಟೆಯ ಸುದ್ದಿಗಳಲ್ಲಿ ಈ ಭೇದವನ್ನು ಸಾಮಾನ್ಯವಾಗಿ ಪಾಲಿಸುವುದಿಲ್ಲ. ಪೊಟ್ಟಣದಲ್ಲಿ ಬರುವ ದೋಸೆ ಹಿಟ್ಟು, ಗೋಧಿ ಹಿಟ್ಟು, ಚಿಪ್ಸ್ ಮತ್ತು ನೂಡಲ್ಸ್ ಎಲ್ಲವೂ 'ಪ್ಯಾಕೇಜ್ಡ್ ಫುಡ್' ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಅಕ್ಕಿ ಮತ್ತು ಉದ್ದಿನಬೇಳೆಯನ್ನು ರುಬ್ಬಿ ಹುದುಗಿಸಿದ ಹಿಟ್ಟಿನ ಮಾರಾಟ ಏರುವುದಕ್ಕೂ ಸಕ್ಕರೆ ತುಂಬಿದ ಬಿಸ್ಕತ್ತಿನ ಮಾರಾಟ ಏರುವುದಕ್ಕೂ ಆರೋಗ್ಯದ ಅರ್ಥ ಬೇರೆ ಬೇರೆ. ಲಾಕ್‌ಡೌನ್ ಕಾಲದ ಅಂಕಿಅಂಶಗಳನ್ನು ಓದುವಾಗ ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕಾಗುತ್ತದೆ.

ಹಿನ್ನೆಲೆ

ಸಾಂಕ್ರಾಮಿಕಕ್ಕೆ ಮೊದಲೇ ಭಾರತದಲ್ಲಿ ಸಂಸ್ಕರಿತ ಆಹಾರದ ಮಾರುಕಟ್ಟೆ ವೇಗವಾಗಿ ಬೆಳೆಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಭಾರತ ಕಚೇರಿ ಮತ್ತು ದೆಹಲಿಯ ಇಕ್ರಿಯರ್ ಸಂಶೋಧನಾ ಸಂಸ್ಥೆ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2011ರಿಂದ 2021ರವರೆಗೆ ಅತಿಸಂಸ್ಕರಿತ ಆಹಾರದ ಚಿಲ್ಲರೆ ಮಾರಾಟ ಮೌಲ್ಯವು ವರ್ಷಕ್ಕೆ ಸರಾಸರಿ ಶೇ. 13.37ರ ದರದಲ್ಲಿ ಹೆಚ್ಚಿತು. ಐದು ರೂಪಾಯಿ, ಹತ್ತು ರೂಪಾಯಿಯ ಚಿಕ್ಕ ಪೊಟ್ಟಣಗಳು ಈ ಉತ್ಪನ್ನಗಳನ್ನು ಹಳ್ಳಿಯ ಗೂಡಂಗಡಿಯವರೆಗೆ ತಲುಪಿಸಿದ್ದವು.

ಸಂಕಟದ ಕಾಲವು ಸಿದ್ಧ ಆಹಾರಕ್ಕೆ ದಾರಿ ಮಾಡಿಕೊಟ್ಟದ್ದೂ ಇದೇ ಮೊದಲಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಉಪಾಹಾರ ಗೃಹದಿಂದ ಬೆಳೆದ ಎಂಟಿಆರ್, ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯ ಮೇಲೆ ಸರ್ಕಾರ ಹೇರಿದ ಮಿತಿಯಿಂದ ನಷ್ಟಕ್ಕೊಳಗಾಗಿ ಹೋಟೆಲನ್ನು ಮುಚ್ಚಬೇಕಾಯಿತು. ಕೆಲಸಗಾರರಿಗೆ ಉದ್ಯೋಗ ಉಳಿಸಲು ಇಡ್ಲಿ, ದೋಸೆ ಮುಂತಾದವುಗಳ ಒಣ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರಲು ಅದು ಕೈಹಾಕಿತು. ಮುಂದೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾದ ಎಂಟಿಆರ್ ಫುಡ್ಸ್‌ನ ಮೂಲ ಅಲ್ಲಿದೆ. ಹೋಟೆಲುಗಳು ಮುಚ್ಚಿದಾಗ ಅಲ್ಲಿಯ ತಿಂಡಿ ಪೊಟ್ಟಣದ ರೂಪದಲ್ಲಿ ಮನೆಗೆ ಬರುವ ವಿದ್ಯಮಾನ 2020ರಲ್ಲಿ ದೇಶದಾದ್ಯಂತ ಬಹು ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು.

ಮೊದಲ ವಾರಗಳು

2020ರ ಮಾರ್ಚ್ 22ರ ಜನತಾ ಕರ್ಫ್ಯೂವಿನ ನಂತರ, ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ನರೇಂದ್ರ ಮೋದಿ ಅವರು 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಅದು ಜಾರಿಗೆ ಬರಲು ನಾಲ್ಕು ಗಂಟೆಗಳಷ್ಟೇ ಉಳಿದಿದ್ದವು. ದಿನಸಿ ಅಂಗಡಿಗಳ ಮುಂದೆ ಆ ರಾತ್ರಿಯೇ ಸಾಲುಗಳು ಕಾಣಿಸಿಕೊಂಡವು. ಜನರು ಮೊದಲು ಕೊಂಡದ್ದು ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ. ಅದರ ಬೆನ್ನಿಗೇ ಕೆಡದೆ ಉಳಿಯುವ ಬಿಸ್ಕತ್ತು, ರಸ್ಕು, ನೂಡಲ್ಸ್, ಶ್ಯಾವಿಗೆ ಮತ್ತು ಹಾಲಿನ ಪುಡಿ. ಮಾರ್ಗಸೂಚಿಯಲ್ಲಿ ಆಹಾರ, ದಿನಸಿ, ಹಣ್ಣು ತರಕಾರಿ, ಹಾಲು ಮತ್ತು ಮಾಂಸದ ಅಂಗಡಿಗಳಿಗೆ ವಿನಾಯಿತಿ ಇದ್ದರೂ, ಮುಂದೇನಾಗುವುದೋ ಎಂಬ ಅನಿಶ್ಚಿತತೆಯೇ ದಾಸ್ತಾನಿಗೆ ಪ್ರೇರಣೆಯಾಯಿತು.

ಏಪ್ರಿಲ್ ಮೊದಲ ವಾರಗಳಲ್ಲಿ ಕಂಡ ಕೊರತೆಗೆ ಕಾರಣ ಆಹಾರದ ಅಭಾವವಲ್ಲ, ಸಾಗಣೆಯ ಅಡಚಣೆ. ರಾಜ್ಯಗಳ ಗಡಿಗಳಲ್ಲಿ ಲಾರಿಗಳು ನಿಂತವು. ಚಾಲಕರು, ಹಮಾಲರು, ಗೋದಾಮಿನ ಕೆಲಸಗಾರರು ಊರಿಗೆ ತೆರಳಿದ್ದರು ಅಥವಾ ಹೊರಬರಲಾರದೆ ಉಳಿದಿದ್ದರು. ಬಿಸ್ಕತ್ತು ಕಾರ್ಖಾನೆಗೆ ಅನುಮತಿ ಇದ್ದರೂ ಅದಕ್ಕೆ ಬೇಕಾದ ರಟ್ಟಿನ ಪೆಟ್ಟಿಗೆ ಅಥವಾ ಹೊದಿಕೆಯ ಹಾಳೆ ತಯಾರಿಸುವ ಘಟಕ 'ಅಗತ್ಯ ವಸ್ತು'ವಿನ ಪಟ್ಟಿಯಲ್ಲಿ ಬರುವುದೇ ಇಲ್ಲವೇ ಎಂಬುದನ್ನು ಸ್ಥಳೀಯ ಅಧಿಕಾರಿಗಳು ತಮಗೆ ತೋಚಿದಂತೆ ನಿರ್ಧರಿಸುತ್ತಿದ್ದರು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು ಅಗತ್ಯ, ಅಗತ್ಯೇತರ ಎಂಬ ಭೇದವಿಲ್ಲದೆ ಎಲ್ಲ ಸರಕುಗಳ ಸಾಗಣೆಗೆ ಅವಕಾಶ ನೀಡಬೇಕೆಂದು ರಾಜ್ಯಗಳಿಗೆ ಸೂಚಿಸಿದ ಬಳಿಕ ಪರಿಸ್ಥಿತಿ ನಿಧಾನವಾಗಿ ಸುಧಾರಿಸಿತು. ಹಲವು ಕಂಪನಿಗಳು ಉತ್ಪನ್ನಗಳ ವೈವಿಧ್ಯವನ್ನು ಕಡಿಮೆ ಮಾಡಿ, ಹೆಚ್ಚು ಮಾರಾಟವಾಗುವ ಕೆಲವೇ ಬಗೆಗಳನ್ನು ಮಾತ್ರ ತಯಾರಿಸತೊಡಗಿದವು.

ತಾಜಾ ಪದಾರ್ಥಗಳ ಸ್ಥಿತಿ ಇದಕ್ಕಿಂತ ಹದಗೆಟ್ಟಿತ್ತು. ಪೇಟೆ ತಲುಪಲಾರದೆ ಹಣ್ಣು, ತರಕಾರಿ ಹೊಲಗಳಲ್ಲೇ ಕೊಳೆತವು. ಕೋಳಿಮಾಂಸದಿಂದ ಕೊರೊನಾ ಹರಡುತ್ತದೆ ಎಂಬ ವದಂತಿಯಿಂದ ಲಾಕ್‌ಡೌನ್‌ಗೆ ಮೊದಲೇ ಕೋಳಿ ಬೆಲೆ ಕುಸಿದಿತ್ತು. ಕರ್ನಾಟಕದಲ್ಲಿ ಮಾರ್ಚ್ ತಿಂಗಳಲ್ಲೇ ಮೈಸೂರು ಮತ್ತು ಹರಿಹರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ಆ ಭಯಕ್ಕೆ ಮತ್ತಷ್ಟು ಇಂಬು ನೀಡಿತು. ವೈರಾಣು ಆಹಾರದ ಮೂಲಕ ಹರಡುವುದಕ್ಕೆ ಪುರಾವೆ ಇಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಸ್ಪಷ್ಟಪಡಿಸಿದರೂ, ತೆರೆದಿಟ್ಟ ತರಕಾರಿಗಿಂತ ಮುಚ್ಚಿದ ಪೊಟ್ಟಣವೇ ಸುರಕ್ಷಿತ ಎಂಬ ಭಾವನೆ ಬಲವಾಯಿತು. ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದ ಮನೆಗಳಲ್ಲಿ ಬಿಸ್ಕತ್ತಿನ ಹೊದಿಕೆಯನ್ನು ಒರೆಸಿದರೆ ಸಾಕಾಗುತ್ತಿತ್ತು.

ಪಾರ್ಲೆ-ಜಿ

ಲಾಕ್‌ಡೌನ್ ಕಾಲದ ಆಹಾರದ ಸಂಕೇತವಾಗಿ ಹೆಚ್ಚು ಉಲ್ಲೇಖಗೊಂಡದ್ದು ಪಾರ್ಲೆ-ಜಿ ಬಿಸ್ಕತ್ತು. ಮುಂಬಯಿಯ ವಿಲೆ ಪಾರ್ಲೆಯಲ್ಲಿ 1929ರಲ್ಲಿ ಸ್ಥಾಪನೆಯಾದ ಪಾರ್ಲೆ ಪ್ರಾಡಕ್ಟ್ಸ್, ಮುಂದಿನ ದಶಕದ ಕೊನೆಯಲ್ಲಿ 'ಪಾರ್ಲೆ ಗ್ಲೂಕೋ' ಹೆಸರಿನಲ್ಲಿ ಈ ಬಿಸ್ಕತ್ತನ್ನು ತಯಾರಿಸತೊಡಗಿತು. ಪಾರ್ಲೆ-ಜಿ ಎಂಬ ಹೆಸರು ಬಂದದ್ದು 1980ರ ದಶಕದಲ್ಲಿ. ಲಾಕ್‌ಡೌನ್ ಆರಂಭವಾಗುತ್ತಿದ್ದಂತೆ ಮೂರು ವಾರಗಳಲ್ಲಿ 3 ಕೋಟಿ ಪೊಟ್ಟಣಗಳನ್ನು ಸರ್ಕಾರಿ ಸಂಸ್ಥೆಗಳ ಮೂಲಕ ಉಚಿತವಾಗಿ ಹಂಚುವುದಾಗಿ ಕಂಪನಿ ಪ್ರಕಟಿಸಿತು. ಮಾರ್ಚ್, ಏಪ್ರಿಲ್, ಮೇ ತಿಂಗಳುಗಳ ಮಾರಾಟವು ತನ್ನ ಎಂಟು ದಶಕಗಳ ಇತಿಹಾಸದಲ್ಲೇ ಅತ್ಯಧಿಕವೆಂದು 2020ರ ಜೂನ್‌ನಲ್ಲಿ ಅದು ತಿಳಿಸಿತು. ಬಿಸ್ಕತ್ತು ಮಾರುಕಟ್ಟೆಯಲ್ಲಿ ತನ್ನ ಪಾಲು ಸುಮಾರು ಶೇ. 5ರಷ್ಟು ಹೆಚ್ಚಿದೆ, ಈ ಬೆಳವಣಿಗೆಯ ಶೇ. 80ರಿಂದ 90ರಷ್ಟು ಪಾರ್ಲೆ-ಜಿ ಒಂದರಿಂದಲೇ ಬಂದಿದೆ ಎಂಬುದು ಕಂಪನಿಯ ಹೇಳಿಕೆ. ಮಾರಾಟದ ನಿಖರ ಅಂಕಿಗಳನ್ನು ಅದು ಬಹಿರಂಗಪಡಿಸಲಿಲ್ಲ.

ಈ ಸುದ್ದಿಯನ್ನು ಸಾಮಾಜಿಕ ಜಾಲತಾಣಗಳಲ್ಲಿ ಬಾಲ್ಯದ ನೆನಪಿನ ವಿಜಯವೆಂಬಂತೆ ಸಂಭ್ರಮಿಸಲಾಯಿತು. ಆದರೆ ಈ ದಾಖಲೆಯ ಹಿಂದೆ ಇದ್ದದ್ದು ಮುಖ್ಯವಾಗಿ ಬೆಲೆ. ಕಿಲೋಗೆ ನೂರು ರೂಪಾಯಿಗಿಂತ ಕಡಿಮೆ ದರದ, ಎರಡು ರೂಪಾಯಿಗೂ ಐದು ರೂಪಾಯಿಗೂ ಸಿಗುವ, ಬೇಯಿಸಬೇಕಿಲ್ಲದ, ಬಿಸಿಲಿಗೆ ಕೆಡದ, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಆಹಾರ ಬೇರೆ ಇರಲಿಲ್ಲ. ಪರಿಹಾರ ಕಾರ್ಯದಲ್ಲಿದ್ದ ಸರ್ಕಾರಿ ಇಲಾಖೆಗಳು, ಸ್ವಯಂಸೇವಾ ಸಂಸ್ಥೆಗಳು ಮತ್ತು ದಾನಿಗಳು ಸಗಟಾಗಿ ಕೊಂಡದ್ದು ಇದನ್ನೇ. ನಗರಗಳಿಂದ ನೂರಾರು ಕಿಲೋಮೀಟರ್ ದೂರದ ಊರುಗಳಿಗೆ ಕಾಲ್ನಡಿಗೆಯಲ್ಲಿ ಹೊರಟ ವಲಸೆ ಕಾರ್ಮಿಕರಿಗೂ, ಮೇ 1ರಿಂದ ಸಂಚರಿಸತೊಡಗಿದ ಶ್ರಮಿಕ್ ವಿಶೇಷ ರೈಲುಗಳ ಪ್ರಯಾಣಿಕರಿಗೂ ಬಿಸ್ಕತ್ತು ಮತ್ತು ನೀರು ಎಷ್ಟೋ ವೇಳೆ ಒಂದು ಹೊತ್ತಿನ ಊಟದ ಸ್ಥಾನವನ್ನು ತುಂಬಿದವು. ಗ್ಲೂಕೋಸ್ ಬಿಸ್ಕತ್ತಿನ ನೂರು ಗ್ರಾಂನಲ್ಲಿ ಸುಮಾರು 450 ಕಿಲೊಕ್ಯಾಲೊರಿ ಶಕ್ತಿ ಇರುತ್ತದೆ. ತೂಕದ ಸುಮಾರು ಕಾಲು ಭಾಗ ಸಕ್ಕರೆ, ಪ್ರೋಟೀನ್ ಏಳು ಗ್ರಾಂನ ಆಸುಪಾಸು. ನಡೆಯುವವನಿಗೆ ತಕ್ಷಣದ ಶಕ್ತಿ ನೀಡಲು ಇದು ಸಾಕು. ಮಗುವಿಗೆ ವಾರಗಟ್ಟಲೆ ಊಟವಾಗಲು ಸಾಲದು.

ಬಿಸ್ಕತ್ತಿನ ಬೇಡಿಕೆ ಒಂದೇ ವರ್ಗಕ್ಕೆ ಸೀಮಿತವಾಗಿರಲಿಲ್ಲ. ಬ್ರಿಟಾನಿಯಾ ಕಂಪನಿಯ 2020ರ ಏಪ್ರಿಲ್–ಜೂನ್ ತ್ರೈಮಾಸಿಕದ ನಿವ್ವಳ ಲಾಭ ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ದುಪ್ಪಟ್ಟಿಗೂ ಮೀರಿತು. ಜಾಹೀರಾತು ಮತ್ತು ವಿತರಣೆಯ ವೆಚ್ಚ ತಗ್ಗಿದ್ದರಿಂದ ಲಾಭವು ಮಾರಾಟಕ್ಕಿಂತ ಬಹಳ ವೇಗವಾಗಿ ಏರಿತು ಎಂಬುದನ್ನೂ ಗಮನಿಸಬೇಕು.

ಮಧ್ಯಮ ವರ್ಗದ ಅಡುಗೆಮನೆ

ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಗರದ ಕುಟುಂಬಗಳಲ್ಲಿ ಬದಲಾವಣೆಯ ಕಾರಣಗಳೇ ಬೇರೆಯಾಗಿದ್ದವು. ಹೋಟೆಲ್, ಕಚೇರಿಯ ಕ್ಯಾಂಟೀನ್, ಶಾಲೆಯ ಊಟ ಮೂರೂ ಒಮ್ಮೆಲೇ ನಿಂತು, ಮನೆಮಂದಿಯ ಎಲ್ಲ ಹೊತ್ತಿನ ಊಟತಿಂಡಿ ಒಂದೇ ಅಡುಗೆಮನೆಯ ಮೇಲೆ ಬಿತ್ತು. ಮನೆಗೆಲಸದವರೂ ಅಡುಗೆಯವರೂ ಬರುವಂತಿರಲಿಲ್ಲ. ಈ ಹೊರೆ ಬಹುತೇಕ ಬಿದ್ದದ್ದು ಹೆಂಗಸರ ಮೇಲೆ. ಅರ್ಧ ಸಿದ್ಧವಾದ ಆಹಾರಕ್ಕೆ ಬೇಡಿಕೆ ಹುಟ್ಟಿದ್ದು ನಾಲಿಗೆಯ ಚಪಲದಿಂದ ಮಾತ್ರವಲ್ಲ, ಈ ದಣಿವಿನಿಂದಲೂ ಹೌದು.

ಇನ್‌ಸ್ಟಂಟ್ ನೂಡಲ್ಸ್ ಮತ್ತೆ ಮತ್ತೆ ಅಂಗಡಿಗಳಲ್ಲಿ ಖಾಲಿಯಾದ ಪದಾರ್ಥಗಳಲ್ಲೊಂದು. ಭಾರತದಲ್ಲಿ 1983ರಿಂದ ಮಾರಾಟದಲ್ಲಿರುವ ಮ್ಯಾಗಿಯು 2015ರಲ್ಲಿ ಸೀಸದ ಅಂಶದ ಆರೋಪದಿಂದ ಕೆಲ ತಿಂಗಳು ನಿಷೇಧಕ್ಕೊಳಗಾಗಿತ್ತು. ನಿಷೇಧ ರದ್ದಾದ ಬಳಿಕ ಉತ್ಪಾದನೆ ಪುನರಾರಂಭವಾದ ಕಾರ್ಖಾನೆಗಳಲ್ಲಿ ಮೈಸೂರು ಜಿಲ್ಲೆಯ ನಂಜನಗೂಡಿನದೂ ಒಂದು. ಐದು ವರ್ಷಗಳ ನಂತರ ಅದೇ ಉತ್ಪನ್ನ ದಾಸ್ತಾನು ಮಾಡಬೇಕಾದ ದಿನಸಿಯ ಪಟ್ಟಿಗೆ ಸೇರಿತು.

ಹಿಟ್ಟಿನ ವಿಷಯದಲ್ಲೂ ಇಂತಹದೇ ಸ್ಥಳಾಂತರ ನಡೆಯಿತು. ಗೋಧಿಯನ್ನು ಕೊಂಡು ಬಡಾವಣೆಯ ಗಿರಣಿಯಲ್ಲಿ ಬೀಸಿಸುತ್ತಿದ್ದ ಕುಟುಂಬಗಳು ಪೊಟ್ಟಣದ ಹಿಟ್ಟಿಗೆ ಮೊರೆಹೋದವು. ಪಿಜ್ಜಾಕ್ಕೆ ಗಿರಾಕಿಗಳಿಲ್ಲದೆ ಕುಳಿತಿದ್ದ ಡಾಮಿನೋಸ್‌ನ ಸರಬರಾಜುದಾರರ ಮೂಲಕ ಐಟಿಸಿ ಕಂಪನಿಯು ತನ್ನ ಆಶೀರ್ವಾದ್ ಹಿಟ್ಟು ಮತ್ತು ಮಸಾಲೆ ಪುಡಿಗಳನ್ನು ಮನೆಮನೆಗೆ ತಲುಪಿಸುವ ವ್ಯವಸ್ಥೆಯನ್ನು 2020ರ ಏಪ್ರಿಲ್‌ನಲ್ಲಿ ಆರಂಭಿಸಿತು. ಅದು ಮೊದಲು ಜಾರಿಗೆ ಬಂದದ್ದು ಬೆಂಗಳೂರಿನಲ್ಲಿ. ಪಿಜ್ಜಾ ತರುವ ದ್ವಿಚಕ್ರ ವಾಹನದಲ್ಲಿ ಚಪಾತಿ ಹಿಟ್ಟು ಬಂದದ್ದು ಆ ದಿನಗಳ ಸ್ಥಿತಿಯನ್ನು ಯಾವ ಅಂಕಿಗಿಂತ ಚೆನ್ನಾಗಿ ತಿಳಿಸುತ್ತದೆ. ಸ್ವಿಗ್ಗಿ ಮತ್ತು ಜೊಮ್ಯಾಟೊ ಸಂಸ್ಥೆಗಳೂ ದಿನಸಿ ತಲುಪಿಸಲು ತೊಡಗಿದವು.

ದಕ್ಷಿಣದ ರಾಜ್ಯಗಳಲ್ಲಿ ಇಡ್ಲಿ ದೋಸೆಯ ಹಸಿ ಹಿಟ್ಟು ವಿಶೇಷ ಪ್ರಕರಣ. ಬೆಂಗಳೂರಿನ ತಿಪ್ಪಸಂದ್ರದಲ್ಲಿ 2005ರಲ್ಲಿ ಪಿ. ಸಿ. ಮುಸ್ತಫಾ ಮತ್ತು ಅವರ ಸೋದರ ಬಂಧುಗಳು ಆರಂಭಿಸಿದ ಐಡಿ ಫ್ರೆಶ್ ಫುಡ್ ಈ ಮಾರುಕಟ್ಟೆಯನ್ನು ಸಂಘಟಿತ ರೂಪಕ್ಕೆ ತಂದಿತ್ತು. ಬಿಸ್ಕತ್ತಿನಂತೆ ತಿಂಗಳುಗಟ್ಟಲೆ ಇಡಲಾಗದ, ದಿನವೂ ಶೀತಲ ವಾಹನದಲ್ಲಿ ಸಾಗಬೇಕಾದ ಇಂತಹ ಪದಾರ್ಥಕ್ಕೆ ಬೇಡಿಕೆ ಇದ್ದರೂ ಪೂರೈಕೆಯೇ ಸವಾಲಾಯಿತು. ಎಷ್ಟೋ ಮನೆಗಳಲ್ಲಿ ಮೂಲೆ ಸೇರಿದ್ದ ಗ್ರೈಂಡರ್ ಮತ್ತೆ ಕೆಲಸಕ್ಕೆ ಬಂತು. ಒಣ ಮಿಶ್ರಣಗಳಿಗೆ ಈ ತೊಡಕು ಇರಲಿಲ್ಲ.

ಬಿಡುವಿದ್ದವರ ಮನೆಗಳಲ್ಲಿ ಅಡುಗೆ ಹವ್ಯಾಸವೂ ಆಯಿತು. ಕುಕ್ಕರಿನಲ್ಲಿ ಕೇಕು, ಬಾಣಲೆಯಲ್ಲಿ ಪಿಜ್ಜಾ, ಇನ್‌ಸ್ಟಂಟ್ ಕಾಫಿ ಪುಡಿಯನ್ನು ಸಕ್ಕರೆಯೊಡನೆ ಕಡೆದು ಮಾಡುವ ದಕ್ಷಿಣ ಕೊರಿಯಾದ ಡಾಲ್ಗೋನಾ ಕಾಫಿ ಇವು ಜನಪ್ರಿಯವಾದವು. ಬೇಕಿಂಗ್ ಪೌಡರ್, ಕೋಕೋ, ಚೀಸ್, ಮೈದಾ ಇಂತಹ ಪೂರಕ ಪದಾರ್ಥಗಳ ಮನೆಬಳಕೆ ಹೆಚ್ಚಿತು. ಮನೆಯಲ್ಲಿ ತಯಾರಿಸಿದ್ದೆಂಬ ಮಾತ್ರಕ್ಕೆ ಈ ತಿನಿಸುಗಳಲ್ಲಿ ಸಕ್ಕರೆ ಕಡಿಮೆ ಇರಲಿಲ್ಲ.

ಕುಸಿದ ಮಾರಾಟ

ಲಾಕ್‌ಡೌನ್ ಬಿದ್ದದ್ದು ಬೇಸಿಗೆಯಲ್ಲಿ. ಐಸ್‌ಕ್ರೀಂ ಮತ್ತು ತಂಪು ಪಾನೀಯ ಉದ್ಯಮಗಳ ವಾರ್ಷಿಕ ಮಾರಾಟದ ದೊಡ್ಡ ಪಾಲು ಬರುವುದು ಮಾರ್ಚ್‌ನಿಂದ ಜೂನ್‌ವರೆಗೆ. 2020ರಲ್ಲಿ ಆ ಹಂಗಾಮು ಬಹುತೇಕ ಕೈತಪ್ಪಿತು. ತಣ್ಣನೆಯದನ್ನು ತಿಂದರೆ ಗಂಟಲು ಕೆಟ್ಟು ಸೋಂಕು ತಗುಲೀತು ಎಂಬ ಅಂಜಿಕೆಯೂ ಇದಕ್ಕೆ ಸೇರಿತು. ಇದು ಭಾರತಕ್ಕೆ ಸೀಮಿತವಲ್ಲ: ಕೋಕಾ-ಕೋಲಾ ಕಂಪನಿಯ ಜಾಗತಿಕ ಮಾರಾಟದ ಪ್ರಮಾಣ 2020ರ ಎರಡನೇ ತ್ರೈಮಾಸಿಕದಲ್ಲಿ ಶೇ. 16ರಷ್ಟು ಇಳಿಯಿತು. ಬಸ್ ನಿಲ್ದಾಣ, ಶಾಲೆಯ ಬಾಗಿಲು, ಚಿತ್ರಮಂದಿರ, ಚಹದಂಗಡಿ ಇವುಗಳ ಬಳಿ ಕೈಗೆ ಸಿಕ್ಕಾಗ ಕೊಳ್ಳುವ ಚಾಕೊಲೇಟು, ಚ್ಯೂಯಿಂಗ್ ಗಮ್, ಮಿಠಾಯಿಗಳು ಗಿರಾಕಿಗಳನ್ನು ಕಳೆದುಕೊಂಡವು. ದರ್ಶಿನಿ, ಖಾನಾವಳಿ, ಮಿಠಾಯಿ ಅಂಗಡಿಗಳು ಬಾಗಿಲು ಹಾಕಿದ್ದರಿಂದ ಅವು ಡಬ್ಬಗಟ್ಟಲೆ ಕೊಳ್ಳುತ್ತಿದ್ದ ಎಣ್ಣೆ, ವನಸ್ಪತಿ, ಸಾಸ್ ಮತ್ತು ಬೆಣ್ಣೆಯ ಸಗಟು ವ್ಯಾಪಾರ ನಿಂತಿತು. ಕುಳಿತು ತಿನ್ನಲು ಹೋಟೆಲುಗಳು ತೆರೆದದ್ದು ಜೂನ್ 8ರಿಂದ.

ಹಾಲಿನ ಕಥೆ ಇದೇ ಜಾಡಿನದು. ಹೋಟೆಲುಗಳಿಗೂ ಮಿಠಾಯಿ ತಯಾರಕರಿಗೂ ಹೋಗುತ್ತಿದ್ದ ಹಾಲು ಉಳಿಯತೊಡಗಿದಾಗ ಕರ್ನಾಟಕ ಹಾಲು ಮಹಾಮಂಡಳವು ಹೆಚ್ಚುವರಿ ಹಾಲನ್ನು ಪುಡಿಯಾಗಿ ಪರಿವರ್ತಿಸಬೇಕಾಯಿತು. ಅದರ ಒಂದು ಭಾಗವನ್ನು ರಾಜ್ಯ ಸರ್ಕಾರ ಖರೀದಿಸಿ ಕೊಳೆಗೇರಿಗಳ ನಿವಾಸಿಗಳಿಗೆ ಉಚಿತವಾಗಿ ಹಂಚಿತು. ಲಾಕ್‌ಡೌನ್ ಕಾಲದ ಆಹಾರ ನಿರ್ಧಾರಗಳಲ್ಲಿ ಉತ್ಪಾದಕರಿಗೂ ಬಳಕೆದಾರರಿಗೂ ಒಟ್ಟಿಗೆ ಒದಗಿಬಂದ ಕೆಲವೇ ಕ್ರಮಗಳಲ್ಲಿ ಇದೊಂದು.

'ರೋಗನಿರೋಧಕ' ಉತ್ಪನ್ನಗಳು

ಲಸಿಕೆಯೂ ನಿರ್ದಿಷ್ಟ ಔಷಧವೂ ಇಲ್ಲದಿದ್ದ ತಿಂಗಳುಗಳಲ್ಲಿ ಆಹಾರವನ್ನೇ ರಕ್ಷಣೆಯೆಂದು ಮಾರುವ ಪ್ರವೃತ್ತಿ ಬೆಳೆಯಿತು. ಅರಿಶಿನದ ಹಾಲು, ಕಷಾಯ ಮತ್ತು ಚ್ಯವನಪ್ರಾಶ ಸೇವನೆಯನ್ನು ಒಳಗೊಂಡ ಸಲಹೆಗಳನ್ನು ಕೇಂದ್ರ ಆಯುಷ್ ಸಚಿವಾಲಯ 2020ರ ಮಾರ್ಚ್ ಕೊನೆಯಲ್ಲಿ ಹೊರಡಿಸಿತು. ಏಪ್ರಿಲ್‌ನಲ್ಲಿ ಅಮುಲ್ ಅರಿಶಿನದ ಹಾಲನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ನಂದಿನಿ ಹೆಸರಿನಲ್ಲೂ ಅರಿಶಿನದ ಹಾಲು ಬಂತು. ಏಪ್ರಿಲ್–ಜೂನ್ ಅವಧಿಯಲ್ಲಿ ಚ್ಯವನಪ್ರಾಶದ ಮಾರಾಟ ಶೇ. 700ರಷ್ಟು ಹೆಚ್ಚಿತೆಂದು ಡಾಬರ್ ಕಂಪನಿ ತಿಳಿಸಿತು. ಚ್ಯವನಪ್ರಾಶ ಮೂಲತಃ ಚಳಿಗಾಲದ ಪದಾರ್ಥ. ಬೇಸಿಗೆಯಲ್ಲಿ ಅದರ ಮಾರಾಟ ಎಂದೂ ಅತ್ಯಲ್ಪ ಎಂಬುದನ್ನು ನೆನೆದರೆ ಈ ಶೇಕಡಾವಾರು ಅಷ್ಟು ಬೆರಗು ಹುಟ್ಟಿಸದು. ಅದರ ದೊಡ್ಡ ಭಾಗ ಸಕ್ಕರೆ ಎಂಬುದು ಈ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋದ ಸಂಗತಿ.

ಜೇನುತುಪ್ಪದ ಬೇಡಿಕೆ ಏರಿದ್ದ ಇದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಒಂದು ತನಿಖಾ ವರದಿಯನ್ನು ಪ್ರಕಟಿಸಿತು. ಪರೀಕ್ಷೆಗೊಳಪಡಿಸಿದ 13 ಬ್ರ್ಯಾಂಡ್‌ಗಳಲ್ಲಿ ಮೂರು ಮಾತ್ರ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು, ಶೇ. 77ರಷ್ಟು ಮಾದರಿಗಳಲ್ಲಿ ಸಕ್ಕರೆ ಪಾಕದ ಕಲಬೆರಕೆ ಇತ್ತು ಎಂದು ವರದಿ ಹೇಳಿತು. ಕಂಪನಿಗಳು ಈ ನಿರ್ಣಯವನ್ನು ತಳ್ಳಿಹಾಕಿದವು. ವರದಿಯ ಪ್ರಕಾರ, ಭಾರತದ ನಿಯಮಗಳು ಸೂಚಿಸುವ ಸಾಮಾನ್ಯ ಪರೀಕ್ಷೆಗಳಿಗೆ ಸಿಗದಂತೆಯೇ ಈ ಪಾಕಗಳನ್ನು ತಯಾರಿಸಲಾಗುತ್ತಿತ್ತು. ಜರ್ಮನಿಯ ಪ್ರಯೋಗಾಲಯದಲ್ಲಿ ನಡೆದ ಹೆಚ್ಚು ಸೂಕ್ಷ್ಮ ಪರೀಕ್ಷೆಯಲ್ಲಿ ಅದು ಬಯಲಾಯಿತು.

ಒಟ್ಟು ಲೆಕ್ಕ

ಮೇಲಿನ ಏರಿಳಿತಗಳನ್ನು ಕೂಡಿಸಿದಾಗ ದೊರೆಯುವ ಚಿತ್ರ ಜನಪ್ರಿಯ ಅಭಿಪ್ರಾಯಕ್ಕೆ ಹೊಂದುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇಕ್ರಿಯರ್ ವರದಿಯ ಪ್ರಕಾರ, ಅತಿಸಂಸ್ಕರಿತ ಆಹಾರದ ವಾರ್ಷಿಕ ಬೆಳವಣಿಗೆ 2019ರಲ್ಲಿ ಶೇ. 12.7 ಇದ್ದದ್ದು 2020ರಲ್ಲಿ ಶೇ. 5.5ಕ್ಕೆ ಇಳಿಯಿತು. ಅದರ ಮರುವರ್ಷ ಮತ್ತೆ ಶೇ. 11.29ಕ್ಕೆ ಏರಿತು. ಅಂದರೆ ಲಾಕ್‌ಡೌನ್ ವರ್ಷದಲ್ಲಿ ಬೆಳವಣಿಗೆ ನಿಲ್ಲಲಿಲ್ಲವಾದರೂ ಅದರ ವೇಗ ಅರ್ಧಕ್ಕಿಂತ ಕಡಿಮೆಯಾಯಿತು.

ನೂಡಲ್ಸ್‌ನ ಅಂಕಿಗಳೂ ಇದೇ ದಿಕ್ಕನ್ನು ಸೂಚಿಸುತ್ತವೆ. ಜಾಗತಿಕ ಇನ್‌ಸ್ಟಂಟ್ ನೂಡಲ್ಸ್ ಸಂಘದ ಪ್ರಕಾರ ಪ್ರಪಂಚದ ಒಟ್ಟು ಬೇಡಿಕೆ 2019ರಲ್ಲಿ ಸುಮಾರು 10,640 ಕೋಟಿ ಪೊಟ್ಟಣಗಳಷ್ಟಿದ್ದದ್ದು 2020ರಲ್ಲಿ ಸುಮಾರು 11,660 ಕೋಟಿಗೆ ಏರಿತು. ಭಾರತದಲ್ಲಿ ಮಾತ್ರ ಅದು ಎರಡೂ ವರ್ಷ ಸುಮಾರು 673 ಕೋಟಿಯಲ್ಲೇ ನಿಂತು, 2021ರಲ್ಲಿ 756 ಕೋಟಿ ತಲುಪಿತು. ಅಂಗಡಿಯ ಕಪಾಟು ಖಾಲಿಯಾಗಿತ್ತು ಎಂಬುದರಿಂದ ಬಳಕೆ ಹೆಚ್ಚಿತ್ತು ಎಂದು ತೀರ್ಮಾನಿಸಲಾಗದು. ಪೂರೈಕೆ ತಗ್ಗಿದಾಗಲೂ ಕಪಾಟು ಖಾಲಿಯಾಗುತ್ತದೆ. ಮೊದಲೇ ಕೊಂಡು ಮನೆಯಲ್ಲಿಟ್ಟಾಗಲೂ ಖಾಲಿಯಾಗುತ್ತದೆ.

ಬಡತನ ಮತ್ತು ಪೌಷ್ಟಿಕತೆ

ದೇಶದ ಬಹುಸಂಖ್ಯಾತರಿಗೆ 2020ರ ಪ್ರಶ್ನೆ ಸಂಸ್ಕರಿತ ಆಹಾರ ಹೆಚ್ಚಾಯಿತೇ ಎಂಬುದಾಗಿರಲಿಲ್ಲ, ಆಹಾರ ಸಾಕಾಯಿತೇ ಎಂಬುದಾಗಿತ್ತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ನಾಗರಿಕ ಸಂಘಟನೆಗಳೊಂದಿಗೆ 2020ರ ಏಪ್ರಿಲ್–ಮೇ ತಿಂಗಳಲ್ಲಿ 12 ರಾಜ್ಯಗಳ ಸುಮಾರು 5,000 ಕಾರ್ಮಿಕರನ್ನು ದೂರವಾಣಿಯ ಮೂಲಕ ಸಂಪರ್ಕಿಸಿ ನಡೆಸಿದ ಸಮೀಕ್ಷೆಯಲ್ಲಿ, ಶೇ. 77ರಷ್ಟು ಕುಟುಂಬಗಳು ಮೊದಲಿಗಿಂತ ಕಡಿಮೆ ಆಹಾರ ಸೇವಿಸುತ್ತಿರುವುದಾಗಿ ತಿಳಿಸಿದವು. ಮಾರ್ಚ್ 26ರಂದು ಘೋಷಣೆಯಾದ ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಡಿ ಸುಮಾರು 80 ಕೋಟಿ ಜನರಿಗೆ ತಲಾ 5 ಕಿಲೋ ಅಕ್ಕಿ ಅಥವಾ ಗೋಧಿ ಮತ್ತು ಪ್ರತಿ ಕುಟುಂಬಕ್ಕೆ 1 ಕಿಲೋ ಬೇಳೆಯನ್ನು ತಿಂಗಳಿಗೊಮ್ಮೆ ಉಚಿತವಾಗಿ ನೀಡಲಾಯಿತು. ಊರಿನಲ್ಲಿ ಪಡಿತರ ಚೀಟಿ ಇದ್ದು ನಗರದಲ್ಲಿ ಸಿಕ್ಕಿಹಾಕಿಕೊಂಡ ಕಾರ್ಮಿಕರಿಗೆ ಇದು ಸುಲಭವಾಗಿ ದಕ್ಕಲಿಲ್ಲ. ಅಕ್ಕಿ ಸಿಕ್ಕವರಿಗೂ ಅದನ್ನು ಬೇಯಿಸಲು ಅನಿಲ, ಎಣ್ಣೆ, ತರಕಾರಿಗೆ ಹಣ ಬೇಕಿತ್ತು. ಎರಡು ರೂಪಾಯಿಯ ಬಿಸ್ಕತ್ತು ಪೊಟ್ಟಣ ನುಸುಳಿದ್ದು ಈ ಸಂದಿಯಲ್ಲೇ.

ಹೊಟ್ಟೆ ತುಂಬಿದಾಗಲೂ ಊಟದ ವೈವಿಧ್ಯ ಕುಗ್ಗಿತು. ಉತ್ತರ ಪ್ರದೇಶ, ಬಿಹಾರ ಮತ್ತು ಒಡಿಶಾದ ಹಿಂದುಳಿದ ಜಿಲ್ಲೆಗಳಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದ ಪ್ರಕಾರ, ಮಹಿಳೆಯರ ಆಹಾರದಲ್ಲಿ ಮಾಂಸ, ಮೊಟ್ಟೆ, ತರಕಾರಿ ಹಾಗೂ ಹಣ್ಣುಗಳ ಪಾಲು ಲಾಕ್‌ಡೌನ್ ಸಮಯದಲ್ಲಿ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿತ್ತು. ಶಾಲೆಗಳು ಮುಚ್ಚಿದ್ದರಿಂದ ಬಿಸಿಯೂಟವೂ ನಿಂತಿತು. ಮಾರ್ಚ್ 18ರಂದು ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ನಂತರ ಹಲವು ರಾಜ್ಯಗಳು ಮಕ್ಕಳ ಮನೆಗಳಿಗೆ ಧಾನ್ಯವನ್ನು ನೀಡತೊಡಗಿದವು. ಒಣ ಧಾನ್ಯ ಮನೆ ತಲುಪಿದರೆ ಅದು ಇಡೀ ಕುಟುಂಬದ ಪಾಲಾಗುತ್ತದೆ. ತಟ್ಟೆಯಲ್ಲಿ ಬಡಿಸಿದ ಸಾರು-ಅನ್ನ ಮಗುವಿನದೇ ಆಗಿರುತ್ತಿತ್ತು.

ಇತರ ದೇಶಗಳಲ್ಲಿ

ಬೇರೆ ದೇಶಗಳ ಅಧ್ಯಯನಗಳೂ ಒಂದೇ ದಿಕ್ಕಿನಲ್ಲಿಲ್ಲ. ಇಟಲಿಯಲ್ಲಿ 3,533 ಮಂದಿಯ ಸಮೀಕ್ಷೆಯಲ್ಲಿ ಶೇ. 48.6ರಷ್ಟು ಜನ ತಮ್ಮ ತೂಕ ಹೆಚ್ಚಿದೆಯೆಂದು ಭಾವಿಸಿದ್ದರು. ಸ್ಪೇನ್‌ನಲ್ಲಿ 7,514 ಮಂದಿಯನ್ನು ಒಳಗೊಂಡ ಅಧ್ಯಯನವು ಜನರು ಸಾಂಪ್ರದಾಯಿಕ ಮೆಡಿಟರೇನಿಯನ್ ಆಹಾರಕ್ರಮಕ್ಕೆ ಹೆಚ್ಚು ಹತ್ತಿರವಾದದ್ದನ್ನು ದಾಖಲಿಸಿತು. ಅಮೆರಿಕದಲ್ಲಿ ಡಬ್ಬಿಯಲ್ಲಿ ತುಂಬಿದ ಆಹಾರ ಮತ್ತೆ ಬಳಕೆಗೆ ಬಂದು, ಕ್ಯಾಂಪ್‌ಬೆಲ್ ಕಂಪನಿಯ ಸೂಪ್ ಮಾರಾಟ ಏಪ್ರಿಲ್ ಕೊನೆಗೆ ಮುಗಿದ ತ್ರೈಮಾಸಿಕದಲ್ಲಿ ಶೇ. 35ರಷ್ಟು ಏರಿತು. ಬ್ರಿಟನ್ನಿನಲ್ಲಿ ಹಿಟ್ಟು ಹೇರಳವಾಗಿದ್ದರೂ ಅಂಗಡಿಗಳಲ್ಲಿ ಸಿಗಲಿಲ್ಲ. ಅಲ್ಲಿಯ ಹಿಟ್ಟಿನಲ್ಲಿ ಕೇವಲ ಶೇ. 4ರಷ್ಟು ಮಾತ್ರ ಚಿಲ್ಲರೆ ಅಂಗಡಿಗಳ ಮೂಲಕ ಮಾರಾಟವಾಗುತ್ತಿತ್ತು. ಉಳಿದದ್ದು ಟ್ಯಾಂಕರುಗಳಲ್ಲೂ ದೊಡ್ಡ ಚೀಲಗಳಲ್ಲೂ ಬೇಕರಿ, ಕಾರ್ಖಾನೆಗಳಿಗೆ ಹೋಗುತ್ತಿತ್ತು. ಗಿರಣಿಗಳಿಗೆ ಎದುರಾದ ತೊಡಕು ಬೀಸುವುದಲ್ಲ, ಚಿಕ್ಕ ಪೊಟ್ಟಣ ಕಟ್ಟುವುದು.

ಭಾರತದ ಅನುಭವಕ್ಕೆ ಹೆಚ್ಚು ಹತ್ತಿರವಿರುವುದು ಬ್ರೆಜಿಲ್‌ನದು. ಅಲ್ಲಿ 10,116 ಮಂದಿಯನ್ನು ಸಾಂಕ್ರಾಮಿಕದ ಮೊದಲೂ ನಂತರವೂ ಪ್ರಶ್ನಿಸಿದ ಅಧ್ಯಯನದಲ್ಲಿ ಒಟ್ಟಾರೆಯಾಗಿ ಹಣ್ಣು, ತರಕಾರಿ, ಕಾಳುಗಳ ಸೇವನೆ ಸ್ವಲ್ಪ ಹೆಚ್ಚಿತು, ಅತಿಸಂಸ್ಕರಿತ ಆಹಾರದ್ದು ಸ್ಥಿರವಾಗಿತ್ತು. ಆದರೆ ಬಡ ಪ್ರದೇಶಗಳಾದ ಉತ್ತರ ಮತ್ತು ಈಶಾನ್ಯ ಭಾಗಗಳಲ್ಲೂ ಕಡಿಮೆ ವಿದ್ಯಾಭ್ಯಾಸ ಉಳ್ಳವರಲ್ಲೂ ಅತಿಸಂಸ್ಕರಿತ ಆಹಾರದ ಸೇವನೆ ಏರಿತು. ಸರಾಸರಿ ಸಂಖ್ಯೆಯು ಒಳಗಿನ ಅಸಮಾನತೆಯನ್ನು ಮರೆಮಾಡಿತ್ತು.

ನಂತರದ ಬೆಳವಣಿಗೆಗಳು

ಲಾಕ್‌ಡೌನ್ ಮುಗಿದ ಮೇಲೆ ಕೆಲವು ಅಭ್ಯಾಸಗಳು ಅಳಿದವು, ಕೆಲವು ನೆಲೆನಿಂತವು. ಡಾಲ್ಗೋನಾ ಕಾಫಿ ಬಂದಷ್ಟೇ ಬೇಗ ಮರೆಯಾಯಿತು. ಮನೆಬಾಗಿಲಿಗೆ ದಿನಸಿ ತರಿಸುವ ರೂಢಿ ಉಳಿಯಿತು: ಸ್ವಿಗ್ಗಿ ಸಂಸ್ಥೆ 2020ರಲ್ಲಿ ಇನ್‌ಸ್ಟಾಮಾರ್ಟ್ ಸೇವೆಯನ್ನು ಆರಂಭಿಸಿತು, ಗ್ರೋಫರ್ಸ್ 2021ರ ಡಿಸೆಂಬರ್‌ನಲ್ಲಿ ಬ್ಲಿಂಕಿಟ್ ಎಂಬ ಹೊಸ ಹೆಸರಿನೊಂದಿಗೆ ನಿಮಿಷಗಳಲ್ಲಿ ಸರಕು ತಲುಪಿಸುವ ವ್ಯವಹಾರಕ್ಕೆ ಇಳಿಯಿತು. ಹೊರಗೆ ಹೋದಾಗ ಮಾತ್ರ ಕೊಳ್ಳುತ್ತಿದ್ದ ಚಿಪ್ಸ್ ಮತ್ತು ಪಾನೀಯಗಳು ಇದರಿಂದ ಮನೆಯೊಳಗಿಂದಲೇ ಯಾವ ಹೊತ್ತಿನಲ್ಲಾದರೂ ತರಿಸಬಹುದಾದ ತಿನಿಸುಗಳಾದವು.

ಪೊಟ್ಟಣದ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಪ್ರಮಾಣವನ್ನು ಸುಲಭವಾಗಿ ತಿಳಿಸುವ ಚಿಹ್ನೆಯ ಕುರಿತ ಚರ್ಚೆಯೂ ಚುರುಕಾಯಿತು. ಆಹಾರ ಸುರಕ್ಷತಾ ಪ್ರಾಧಿಕಾರವು 2022ರ ಸೆಪ್ಟೆಂಬರ್‌ನಲ್ಲಿ ನಕ್ಷತ್ರಗಳ ಮೂಲಕ ಗುಣಮಟ್ಟ ಸೂಚಿಸುವ ಕರಡು ನಿಯಮವನ್ನು ಪ್ರಕಟಿಸಿತು. ನಕ್ಷತ್ರವು ಅನಾರೋಗ್ಯಕರ ಆಹಾರಕ್ಕೂ ಒಂದಿಷ್ಟು ಮೆಚ್ಚುಗೆಯನ್ನು ನೀಡಿದಂತಾಗುತ್ತದೆ, ನೇರವಾದ ಎಚ್ಚರಿಕೆಯ ಚಿಹ್ನೆಯೇ ಬೇಕು ಎಂಬುದು ಆರೋಗ್ಯ ತಜ್ಞರ ಮತ್ತು ಬಳಕೆದಾರ ಸಂಘಟನೆಗಳ ಆಕ್ಷೇಪ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಅತಿಸಂಸ್ಕರಿತ ಆಹಾರವನ್ನು ಮಿತಗೊಳಿಸಲು ಸಲಹೆ ನೀಡಿತು ಮತ್ತು ಪೊಟ್ಟಣದ ಮೇಲಿನ ವಿವರಗಳನ್ನು ಓದಿ ಕೊಳ್ಳುವಂತೆ ಸೂಚಿಸಿತು. ಆದರೆ ಭಾರತದ ನಿಯಮಗಳಲ್ಲಿ ಮೇಲ್ಮೈ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣಗಳ ಮೇಲೆ ಘಟಕಗಳ ಪಟ್ಟಿಯನ್ನೂ ಪೌಷ್ಟಿಕಾಂಶದ ವಿವರವನ್ನೂ ಮುದ್ರಿಸಬೇಕಾಗಿಲ್ಲ. ಅವು ಸಗಟು ಪೆಟ್ಟಿಗೆಯ ಮೇಲಿದ್ದರೆ ಸಾಕು. ಬಿಡಿಯಾಗಿ ಅಂತಹ ಚಿಕ್ಕ ಪೊಟ್ಟಣವನ್ನು ಕೊಳ್ಳುವವರು ಆ ಪೆಟ್ಟಿಗೆಯನ್ನು ಸಾಮಾನ್ಯವಾಗಿ ನೋಡುವುದಿಲ್ಲ.